ಮೊದಲು ಕಾಯಕ, ಆಮೇಲೆ ದಾಸೋಹ: ವ್ಯವಹಾರ ನೀತಿ ಮತ್ತು ಸಿಎಸ್‌ಆರ್ ಟಿಪ್ಪಣಿ

108 ಅಂದರೆ ಏನು ಅಂತ ಕೇಳಿದರೆ ಹಳ್ಳಿಯ ಮಕ್ಕಳೂ ಹೇಳುತ್ತಾರೆ. ಕರ್ನಾಟಕದಲ್ಲಿ ಈ ಆಂಬುಲೆನ್ಸ್ ಸೇವೆ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಸರ್ಕಾರದ ಜೊತೆ ಸೇರಿ ಇದನ್ನು ನಡೆಸಿದ್ದು ಇಎಂಆರ್‌ಐ ಎಂಬ ಸಂಸ್ಥೆ. 2005ರಲ್ಲಿ ಹೈದರಾಬಾದ್‌ನಲ್ಲಿ ಆ ಸಂಸ್ಥೆಯನ್ನು ಕಟ್ಟಿದವರು ಸತ್ಯಂ ಕಂಪ್ಯೂಟರ್ಸ್ ಎಂಬ ಐಟಿ ಕಂಪನಿಯ ಬಿ. ರಾಮಲಿಂಗ ರಾಜು.

ನಮ್ಮಲ್ಲಿ ಸೇವೆ ಶುರುವಾಗಿ ಎರಡು ತಿಂಗಳ ಮೇಲೆ ಒಂದು ವಾರ ಆಗಿತ್ತು ಅಷ್ಟೆ. 2009ರ ಜನವರಿ 7ರಂದು ಅದೇ ರಾಜು ತಮ್ಮ ಕಂಪನಿಯ ನಿರ್ದೇಶಕ ಮಂಡಳಿಗೆ ಪತ್ರ ಬರೆದರು. ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡರು. 2008ರ ಸೆಪ್ಟೆಂಬರ್‌ಗೆ ಮುಗಿದ ಮೂರು ತಿಂಗಳಲ್ಲಿ ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ. ನಿಜವಾದದ್ದು 61 ಕೋಟಿ. ಮೊದಲು ಸಣ್ಣದಾಗಿದ್ದ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತು ಎಂದೂ ಬರೆದಿದ್ದರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಇದೇ ಕಂಪನಿಗೆ ಒಳ್ಳೆಯ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಆಮೇಲೆ ಅದನ್ನು ವಾಪಸ್ ಪಡೆದರು.

'ವ್ಯವಹಾರ ನೀತಿ ಮತ್ತು ಸಾಮಾಜಿಕ ಹೊಣೆ (ಸಿಎಸ್‌ಆರ್)' ಎಂಬ ಪಾಠವನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನಮ್ಮಲ್ಲಿ ತುಂಬಾ ಜನ ಈ ಎರಡನ್ನೂ ಒಂದೇ ಅಂದುಕೊಂಡು ಪರೀಕ್ಷೆಯಲ್ಲಿ ಉತ್ತರ ಬರೆಯುತ್ತೇವೆ. ನೀತಿಯ ಬಗ್ಗೆ ಪ್ರಶ್ನೆ ಬಂದರೆ ಶಾಲೆಗೆ ಬೆಂಚು, ಗಿಡ ನೆಡುವುದು, ರಕ್ತದಾನ ಶಿಬಿರ ಎಂದು ಪುಟ ತುಂಬಿಸುತ್ತೇವೆ. 108 ನಿಜವಾಗಿಯೂ ಜೀವ ಉಳಿಸಿದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಳ್ಳೆಯ ಕೆಲಸ ಸುಳ್ಳು ಲೆಕ್ಕವನ್ನು ಸರಿ ಮಾಡಲಿಲ್ಲ. ದುಡ್ಡು ಹೇಗೆ ಬಂತು ಅನ್ನುವುದು ನೀತಿಯ ಪ್ರಶ್ನೆ. ಬಂದದ್ದರಲ್ಲಿ ಸಮಾಜಕ್ಕೆ ಏನು ಹೋಯಿತು ಅನ್ನುವುದು ಸಿಎಸ್‌ಆರ್ ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ಉತ್ತರ ಬೇಕು.

ಕನ್ನಡದಲ್ಲಿ ಓದುವ ನಮಗೆ ಇದನ್ನು ನೆನಪಿಟ್ಟುಕೊಳ್ಳಲು ಒಂದು ಸುಲಭ ದಾರಿ ಇದೆ. ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯನ ಕತೆ ಕೇಳಿರುತ್ತೀರಿ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಅದರಲ್ಲೇ ದಾಸೋಹ. ಒಂದು ದಿನ ಅವನು ಯಾವತ್ತಿಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಇದು ನಮ್ಮ ದಿನದ ಕಾಯಕದ್ದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಗಮನಿಸಿ, ಆ ಅಕ್ಕಿ ಅವರ ಹೊಟ್ಟೆಗಷ್ಟೇ ಅಲ್ಲ, ದಾಸೋಹಕ್ಕೂ ಹೋಗುತ್ತಿತ್ತು. ನಾಲ್ಕು ಜನಕ್ಕೆ ಜಾಸ್ತಿ ಊಟ ಸಿಗುತ್ತದೆ ಎಂಬ ಕಾರಣವನ್ನೂ ಆಕೆ ಒಪ್ಪಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಪಾಠಕ್ಕೆ ಲಕ್ಕಮ್ಮನೇ ಮೊದಲ ಗುರು.

ಈಗ ಕಾನೂನು

ಸತ್ಯಂ ಹಗರಣದ ನಂತರ ಬಂದದ್ದು 2013ರ ಕಂಪನಿ ಕಾಯ್ದೆ. ಅದರ 135ನೇ ಸೆಕ್ಷನ್ ಸಿಎಸ್‌ಆರ್‌ಗೆ ಸೇರಿದ್ದು, 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು) 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ್ದರೆ ಅದು ಅನ್ವಯಿಸುತ್ತದೆ. ಮೂರೂ ಬೇಕಿಲ್ಲ, ಒಂದು ಸಾಕು. ಇಲ್ಲೇ ತುಂಬಾ ಜನ ಅಂಕ ಕಳೆದುಕೊಳ್ಳುತ್ತಾರೆ.

ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಲೆಕ್ಕ ಹೀಗೆ. ಒಂದು ಕಂಪನಿಯ ಹಿಂದಿನ ಮೂರು ವರ್ಷಗಳ ಲಾಭ 12, 15 ಮತ್ತು 18 ಕೋಟಿ ಅಂತ ಇಟ್ಟುಕೊಳ್ಳಿ. ಸರಾಸರಿ 15 ಕೋಟಿ. ಅದರ ಶೇ. 2 ಅಂದರೆ 30 ಲಕ್ಷ. ಈ ಲಾಭವನ್ನು 198ನೇ ಸೆಕ್ಷನ್ ಪ್ರಕಾರ ಲೆಕ್ಕ ಹಾಕಬೇಕು. ಅಂದರೆ ಆದಾಯ ತೆರಿಗೆ ಕಳೆಯುವ ಮುಂಚಿನ ಲಾಭ. ವಾರ್ಷಿಕ ವರದಿಯ ಲಾಭ-ನಷ್ಟ ಪಟ್ಟಿಯ ಕೊನೆಯ ಸಾಲಿನ ಅಂಕಿಯನ್ನು ಸುಮ್ನೆ ಎತ್ತಿಕೊಂಡರೆ ತಪ್ಪಾಗುತ್ತದೆ. ಕೊಡಬೇಕಾದ ಮೊತ್ತ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಕಿಲ್ಲ, ನಿರ್ದೇಶಕ ಮಂಡಳಿಯೇ ಆ ಕೆಲಸ ಮಾಡಬಹುದು. ನಮ್ಮ ಉದಾಹರಣೆಯ ಕಂಪನಿ ಹಾಗಾಗಿ ಸಮಿತಿ ಮಾಡಬೇಕಾಗಿಲ್ಲ.

ಖರ್ಚಾಗದೆ ಉಳಿದ ಹಣ? ಹಲವು ವರ್ಷ ನಡೆಯುವ ಯೋಜನೆಗೆ ಸೇರಿದ್ದಾದರೆ ವರ್ಷ ಮುಗಿದ 30 ದಿನದೊಳಗೆ ಬೇರೆ ಬ್ಯಾಂಕ್ ಖಾತೆಗೆ ಹಾಕಿ ಮೂರು ವರ್ಷದಲ್ಲಿ ಬಳಸಬೇಕು. ಅಂಥ ಯೋಜನೆ ಇಲ್ಲದಿದ್ದರೆ ಆರು ತಿಂಗಳೊಳಗೆ ಕಾಯ್ದೆಯ 7ನೇ ಶೆಡ್ಯೂಲ್‌ನಲ್ಲಿ ಹೇಳಿರುವ ನಿಧಿಗೆ, ಉದಾಹರಣೆಗೆ ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ, ಕೊಡಬೇಕು. 'ಕೊಡು, ಇಲ್ಲವೇ ಯಾಕೆ ಕೊಡಲಿಲ್ಲ ಹೇಳು' ಎಂಬುದು ಹಳೆಯ ನಿಯಮ. 2021ರ ಜನವರಿಯಿಂದ ಹಣ ವರ್ಗಾಯಿಸದಿದ್ದರೆ ದಂಡವೂ ಇದೆ. ಹಳೆಯ ನೋಟ್ಸ್ ಇಟ್ಟುಕೊಂಡು ಓದುವವರು ಈ ಭಾಗ ತಿದ್ದಿಕೊಳ್ಳಿ.

ಏನು ಸಿಎಸ್‌ಆರ್ ಅಲ್ಲ ಅನ್ನುವ ಪಟ್ಟಿ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಸ್ವಂತ ನೌಕರರಿಗೆ ಮಾತ್ರ ಅನುಕೂಲ ಆಗುವ ಕೆಲಸ ಲೆಕ್ಕಕ್ಕಿಲ್ಲ. ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ ಇಲ್ಲ. ಸರಕಿನ ಪ್ರಚಾರಕ್ಕೆ ಮಾಡಿದ ಪ್ರಾಯೋಜಕತ್ವ ಇಲ್ಲ. ಬೇರೆ ಕಾನೂನಿನ ಪ್ರಕಾರ ಹೇಗೂ ಮಾಡಲೇಬೇಕಾದದ್ದೂ ಇಲ್ಲ. ಅಂದರೆ ಕಾರ್ಖಾನೆಯ ಕೊಳೆ ನೀರು ಶುದ್ಧ ಮಾಡುವ ಘಟಕ ಹಾಕಿಸಿ 'ನಾವು ಕೆರೆ ಉಳಿಸಿದೆವು' ಎಂದು ಸಿಎಸ್‌ಆರ್ ವರದಿಯಲ್ಲಿ ಬರೆಯುವ ಹಾಗಿಲ್ಲ. ಅದು ಕಾಯಕದ ಭಾಗ. ದಾಸೋಹ ಅಲ್ಲ. ಕಾನೂನು ಮಾಡಿದವರೂ ಕೊನೆಗೆ ಲಕ್ಕಮ್ಮನ ಹತ್ತಿರವೇ ಬಂದಿದ್ದಾರೆ.

ಇನ್ನೊಂದು ಗೊಂದಲ. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಕೆಲಸವನ್ನು ವಿಪ್ರೋ ಕಂಪನಿಯ ಸಿಎಸ್‌ಆರ್ ಎಂದು ಬರೆಯಬೇಡಿ. ಫೌಂಡೇಶನ್‌ಗೆ ಬಂದಿರುವುದು ಪ್ರೇಮ್‌ಜಿ ಅವರ ಸ್ವಂತ ಸಂಪತ್ತು. ಅದು ದಾನ. ಸೆಕ್ಷನ್ 135 ಮಾತಾಡುವುದು ಕಂಪನಿಯ ಹಣದ ಬಗ್ಗೆ.

ನಾನು ಹೇಳಿದ ಒಂದು ಸುಳ್ಳು

ಕೆಲವು ವರ್ಷ ಹಿಂದೆ ನಾನು ಒಂದು ಕಂಪನಿಯ ಖರೀದಿ ವಿಭಾಗದಲ್ಲಿದ್ದೆ. ಪೀಣ್ಯದಲ್ಲಿ ಎರಡು ಲೇಥ್ ಇಟ್ಟುಕೊಂಡು ನಮಗೆ ಪಿನ್, ಬುಶ್ ಮಾಡಿಕೊಡುತ್ತಿದ್ದ ಒಬ್ಬ ಹಿರಿಯರು ಇದ್ದರು. ಅವರ ಬಿಲ್ ನಾಲ್ಕು ತಿಂಗಳಿಂದ ಬಾಕಿ. ಒಂದು ಶುಕ್ರವಾರ ಮಧ್ಯಾಹ್ನ ಬಂದು ರಿಸೆಪ್ಷನ್‌ನಲ್ಲಿ ಕೂತರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಡೆಲಿವರಿ ಚಲನ್, ಬಿಲ್ ಪ್ರತಿ ಎಲ್ಲ ಪಿನ್ ಮಾಡಿ ಇಟ್ಟಿದ್ದರು. "ಸರ್, ನಾಳೆ ಹುಡುಗರಿಗೆ ಬಟವಾಡೆ ಮಾಡ್ಬೇಕು, ಅರ್ಧನಾದ್ರೂ ಕೊಡಿಸಿ" ಅಂದರು. ಮೇಲಿನವರು ಹೇಳಿಕೊಟ್ಟಂತೆ ನಾನು "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ಮುಂದಿನ ವಾರ ಬನ್ನಿ" ಅಂದೆ. ಸಾಹೇಬರು ಒಳಗೆ ಖಾಲಿಯೇ ಕೂತಿದ್ದರು. ಆ ಹಿರಿಯರು ಕೂತಿದ್ದ ಕುರ್ಚಿಯ ಮೇಲಿನ ಗೋಡೆಯಲ್ಲಿ, ಒಂದು ಶಾಲೆಗೆ ದೊಡ್ಡ ಚೆಕ್ ಕೊಡುತ್ತಿರುವ ನಮ್ಮ ಕಂಪನಿಯ ಫೋಟೋ ಇತ್ತು. ಈ ಪಾಠ ಓದುವಾಗಲೆಲ್ಲ ನನಗೆ ಆ ಗೋಡೆ, ಆ ಕವರ್ ಕಣ್ಣ ಮುಂದೆ ಬರುತ್ತವೆ.

2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಕಾಯ್ದೆ ಇಂಥವರಿಗಾಗಿಯೇ ಇದೆ. ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇರಲಿ, 45 ದಿನ ಮೀರುವಂತಿಲ್ಲ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ ಅಷ್ಟೆ. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಇಷ್ಟಿದ್ದರೂ ಅವರು ಕೇಳಲಿಲ್ಲ. ಕೇಳಿದರೆ ಮುಂದಿನ ಆರ್ಡರ್ ಸಿಗುವುದಿಲ್ಲ ಎಂಬ ಭಯ. ಕಾನೂನು ಇದ್ದೂ ಬಳಸಲಾಗದವರ ಜೊತೆ ಹೇಗೆ ನಡೆದುಕೊಳ್ಳುತ್ತೇವೆ? ಮ್ಯಾನೇಜರ್‌ನ ನೀತಿ ಶುರುವಾಗುವ ಜಾಗ ಅದು.

ಸಿದ್ಧಾಂತಗಳು ಚುಟುಕಾಗಿ. ಕಾನೂನು, ರೂಢಿಯ ಮಿತಿಯೊಳಗೆ ಲಾಭ ಮಾಡುವುದೇ ವ್ಯವಹಾರದ ಹೊಣೆ ಎಂದು ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ವಾದಿಸಿದರು. ಷೇರುದಾರರಷ್ಟೇ ಅಲ್ಲ, ಕೆಲಸಗಾರರು, ಗ್ರಾಹಕರು, ಸರಬರಾಜುದಾರರು, ಊರಿನವರು ಎಲ್ಲರೂ ಪಾಲುದಾರರು (ಸ್ಟೇಕ್‌ಹೋಲ್ಡರ್‌ಗಳು) ಎಂದು ಎಡ್ವರ್ಡ್ ಫ್ರೀಮನ್ 1984ರಲ್ಲಿ ಹೇಳಿದರು. ಆರ್ಚಿ ಕ್ಯಾರೊಲ್ ಅವರ 1991ರ ಪಿರಮಿಡ್‌ನಲ್ಲಿ ಕೆಳಗಿನಿಂದ ಆರ್ಥಿಕ, ಕಾನೂನು, ನೀತಿ, ದಾನ ಎಂಬ ನಾಲ್ಕು ಹಂತಗಳಿವೆ. ದಾನ ತುದಿಯಲ್ಲಿದೆ. ಚಿತ್ರ ಬರೆಯುವಾಗ ಈ ಕ್ರಮ ತಪ್ಪಿಸಬೇಡಿ.

ಸಹಿ ಹಾಕಿದವರು, ಹಾಕದವರು

ಸತ್ಯಂ ಪ್ರಕರಣ ಅಂದರೆ ರಾಜು ಒಬ್ಬರದ್ದೇ ಅಂದುಕೊಳ್ಳುತ್ತೇವೆ. 2015ರ ಏಪ್ರಿಲ್ 9ರಂದು ಹೈದರಾಬಾದ್‌ನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದು ಹೇಳಿದ್ದು 10 ಜನರನ್ನು. ಅವರಲ್ಲಿ ಹಣಕಾಸು ವಿಭಾಗದ ನೌಕರರಿದ್ದರು, ಒಳ ಲೆಕ್ಕ ತಪಾಸಣೆಯ ಮುಖ್ಯಸ್ಥರಿದ್ದರು, ಹೊರಗಿನ ಆಡಿಟರ್‌ಗಳೂ ಇದ್ದರು. ಅವರು ಮೇಲ್ಮನವಿ ಸಲ್ಲಿಸಿ ಜಾಮೀನು ಪಡೆದರು. ನಕಲಿ ಬಿಲ್ ತಾನಾಗಿ ಹುಟ್ಟುವುದಿಲ್ಲ ಅಲ್ವಾ? ಯಾರೋ ಕೂತು ಅದನ್ನು ಕಂಪ್ಯೂಟರ್‌ಗೆ ಹಾಕಬೇಕು.

ಇದರ ಎದುರು ಇನ್ನೊಬ್ಬರನ್ನು ನಿಲ್ಲಿಸಿ ನೋಡಿ. ಮಂಜುನಾಥ್ ಷಣ್ಮುಗಂ. ಕೋಲಾರದ ಕಡೆಯವರು, ಕೆಜಿಎಫ್‌ನಲ್ಲಿ ಬೆಳೆದವರು. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ. ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯ ಪೆಟ್ರೋಲ್ ಬಂಕ್‌ಗಳನ್ನು ನೋಡಿಕೊಳ್ಳುತ್ತಿದ್ದರು. ಕಲಬೆರಕೆ ಮಾಡುತ್ತಿದ್ದ ಬಂಕ್‌ಗೆ ಸೀಲ್ ಹಾಕಿಸಿದರು. ಅದು ಮತ್ತೆ ತೆರೆದಾಗ ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಬಂಕ್ ಮಾಲೀಕನ ಮಗನಿಗೆ ಮೊದಲು ಮರಣದಂಡನೆ ಆಯಿತು, ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು.

ಅವರ ಮುಂದೆ ಇದ್ದದ್ದು ಒಂದು ತಪಾಸಣಾ ವರದಿ. 'ಎಲ್ಲ ಸರಿ ಇದೆ' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ನಮ್ಮೂರ ಕಡೆಯ ಒಬ್ಬ ಹುಡುಗ ಅದನ್ನು ಬರೆಯಲಿಲ್ಲ ಅನ್ನುವುದು ನನಗೆ ಪ್ರತಿ ಸಲ ಗಂಟಲು ಕಟ್ಟಿಸುತ್ತದೆ.

ಎಲ್ಲರೂ ಪ್ರಾಣ ಕೊಡಬೇಕು ಅಂತ ಯಾವ ಪಾಠವೂ ಕೇಳಬಾರದು. ತಪ್ಪು ಕಂಡವನು ಒಂಟಿಯಾಗದಂತೆ ನೋಡಿಕೊಳ್ಳುವುದು ಸಂಸ್ಥೆಯ ಕೆಲಸ. 2013ರ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯಲ್ಲೂ ದೂರು ಹೇಳಲು ಒಂದು ವ್ಯವಸ್ಥೆ ಇರಬೇಕು, ದೂರು ಕೊಟ್ಟವರಿಗೆ ತೊಂದರೆ ಆಗದಂತೆ ರಕ್ಷಣೆ ಇರಬೇಕು. ತೀರಾ ಅಗತ್ಯ ಬಿದ್ದರೆ ಆಡಿಟ್ ಸಮಿತಿಯ ಅಧ್ಯಕ್ಷರನ್ನೇ ನೇರವಾಗಿ ಕಾಣಲು ದಾರಿ ಇರಬೇಕು. ಅದರ ವಿವರ ಕಂಪನಿಯ ವೆಬ್‌ಸೈಟ್‌ನಲ್ಲಿರಬೇಕು. ನೀವು ಕೆಲಸ ಮಾಡುವ ಕಡೆ ಅದು ಎಲ್ಲಿದೆ ಎಂದು ಇವತ್ತೇ ಹುಡುಕಿ. ನಾನು ಈಗಿರುವ ಕಂಪನಿಯಲ್ಲಿ ದೂರು ಕೊಡುವ ವಿಳಾಸ ಹುಡುಕಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ. ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಇಬ್ಬರಿಗೂ ಬರೆಸಿದ್ದೇನೆ.