ಬಟನ್ ಕಾಪಿ ಆಗುತ್ತದೆ, ಅದರ ಕ್ಲಿಕ್ ಯಾಕೆ ಆಗುವುದಿಲ್ಲ?

ವಿಂಡೋಸ್ ಫಾರ್ಮ್ಸ್‌ನಲ್ಲಿ, ಅಂದರೆ ವಿಂಡೋಸ್ ಪ್ರೋಗ್ರಾಂಗಳ ಪರದೆ ಕಟ್ಟುವ ಮೈಕ್ರೋಸಾಫ್ಟ್ ಸಲಕರಣೆಯಲ್ಲಿ, ಒಂದು ಬಟನ್ನಿನ ಬಣ್ಣ, ಅಳತೆ, ಮೇಲಿನ ಬರಹ ಎಲ್ಲವನ್ನೂ ಇನ್ನೊಂದು ಬಟನ್ನಿಗೆ ಕೊಡಬಹುದು. ಒಂದೊಂದಕ್ಕೂ ಒಂದು ಸಾಲು ಕೋಡ್ ಸಾಕು. ಆದರೆ 'ಬಟನ್2.ಕ್ಲಿಕ್ = ಬಟನ್1.ಕ್ಲಿಕ್' ಎಂದು ಬರೆದು ನೋಡಿ, ಸಿ ಶಾರ್ಪ್ ಭಾಷೆಯ ಕಂಪೈಲರ್ (ಕೋಡನ್ನು ಪ್ರೋಗ್ರಾಂ ಆಗಿಸುವ ಸಾಧನ) ಒಪ್ಪುವುದಿಲ್ಲ. ಈವೆಂಟ್‌ನ (ಕ್ಲಿಕ್‌ನಂಥ ಘಟನೆಯ) ಹೆಸರು += (ಸೇರಿಸು) ಅಥವಾ -= (ತೆಗೆ) ಚಿಹ್ನೆಯ ಎಡಗಡೆ ಮಾತ್ರ ಬರಬಹುದು ಎನ್ನುತ್ತದೆ. ಇದು ಮರೆತು ಬಿಟ್ಟ ಸೌಲಭ್ಯ ಅಲ್ಲ. ಬೇಕೆಂದೇ ಹಾಕಿದ ಬಾಗಿಲು. ಯಾಕೆ ಹಾಕಿದರು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1991ರಲ್ಲಿ ವಿಷುಯಲ್ ಬೇಸಿಕ್ ಭಾಷೆ ಬಂದಾಗ ಕಂಟ್ರೋಲ್‌ಗೂ (ಬಟನ್, ಟೆಕ್ಸ್ಟ್‌ಬಾಕ್ಸ್‌ನಂಥ ಪರದೆಯ ಭಾಗ) ಕೋಡಿಗೂ ಇದ್ದ ನಂಟು ಬರೀ ಹೆಸರು. ಬಟನ್ ಹೆಸರು ಕಮಾಂಡ್1 ಆದರೆ ಕಮಾಂಡ್1_ಕ್ಲಿಕ್ ಎಂಬ ಪ್ರೊಸೀಜರ್ (ಕೋಡಿನ ತುಂಡು) ಓಡುತ್ತಿತ್ತು. ಬಟನ್ ಕಾಪಿ ಮಾಡಿ ಪೇಸ್ಟ್ ಮಾಡಿದರೆ 'ಕಂಟ್ರೋಲ್ ಅರೇ (ಒಂದೇ ಹೆಸರಿನ ಗುಂಪು) ಮಾಡಲೇ?' ಎಂದು ವಿಷುಯಲ್ ಬೇಸಿಕ್ಕೇ ಕೇಳುತ್ತಿತ್ತು. ಹೂಂ ಎಂದರೆ ಎರಡಕ್ಕೂ ಒಂದೇ ಪ್ರೊಸೀಜರ್. ಯಾವ ಬಟನ್ ಒತ್ತಿದರು ಎಂದು ಇಂಡೆಕ್ಸ್ (ಬಟನ್ನಿನ ಕ್ರಮಸಂಖ್ಯೆ) ಹೇಳುತ್ತಿತ್ತು.

1995ರ ಡೆಲ್ಫಿ ಎಂಬ ಪ್ರೋಗ್ರಾಮಿಂಗ್ ಸಾಧನ ಇದನ್ನು ಇನ್ನೂ ಸುಲಭ ಮಾಡಿತು. ಅಲ್ಲಿ ಆನ್‌ಕ್ಲಿಕ್ ಒಂದು ಪ್ರಾಪರ್ಟಿ, ಬಣ್ಣದ ಹಾಗೆಯೇ. ಅದರೊಳಗೆ ಇರುವುದು ಎರಡು ವಿಳಾಸ: ಓಡಬೇಕಾದ ಕೋಡ್ ಎಲ್ಲಿದೆ, ಅದು ಯಾವ ಆಬ್ಜೆಕ್ಟಿಗೆ ಸೇರಿದ್ದು. ಒಂದು ಸಾಲಿನಲ್ಲಿ ಕಾಪಿ ಮುಗಿಯುತ್ತಿತ್ತು. ತೊಡಕು ಬೇರೆ ಕಡೆ ಇತ್ತು. ಒಂದು ಈವೆಂಟ್‌ಗೆ ಒಬ್ಬನೇ ಹ್ಯಾಂಡ್ಲರ್ (ಈವೆಂಟ್ ಆದಾಗ ಓಡುವ ಕೋಡ್). ಹೊಸದನ್ನು ಕೊಟ್ಟರೆ ಹಳೆಯದು ಸದ್ದಿಲ್ಲದೆ ಹೋಗಿಬಿಡುತ್ತಿತ್ತು.

ಡೆಲ್ಫಿ ರೂಪಿಸಿದ ಆಂಡರ್ಸ್ ಹೈಲ್ಸ್‌ಬರ್ಗ್ 1996ರಲ್ಲಿ ಮೈಕ್ರೋಸಾಫ್ಟ್ ಸೇರಿದರು, ಮುಂದೆ ಸಿ ಶಾರ್ಪ್ ರೂಪಿಸಿದರು. 2002ರಲ್ಲಿ ಸಿ ಶಾರ್ಪ್ ಓಡುವ ವೇದಿಕೆ ಡಾಟ್ ನೆಟ್ ಬಂದಾಗ ಈವೆಂಟ್ ಎಂದರೆ ಒಬ್ಬನ ಜಾಗ ಅಲ್ಲ, ಒಂದು ಪಟ್ಟಿ. ಹೊರಗಿನವರು ತಮ್ಮದನ್ನು ಸೇರಿಸಬಹುದು, ತೆಗೆಯಬಹುದು, ಅಷ್ಟೇ. ಬೇರೆಯವರದನ್ನು ಅಳಿಸುವ ಹಾಗಿಲ್ಲ. ಇದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಆದರೆ ಪಟ್ಟಿಯನ್ನು ಓದುವ ದಾರಿಯನ್ನೂ ಮುಚ್ಚಿದರು. ಅದೇ ವರ್ಷ ಜಾವಾ 1.4ರ ಸ್ವಿಂಗ್ (ಜಾವಾದ ಪರದೆ ಕಟ್ಟುವ ಸಲಕರಣೆ) ಬಟನ್ ತನ್ನ ಲಿಸನರ್‌ಗಳ (ಅಲ್ಲಿನ ಹ್ಯಾಂಡ್ಲರ್‌ಗಳ) ಪಟ್ಟಿಯನ್ನು ಕೇಳಿದವರಿಗೆ ಕೊಡತೊಡಗಿತ್ತು.

ಬಾಗಿಲು ಮುಚ್ಚಿದರೆ ಜನ ಕಿಟಕಿ ಹುಡುಕುತ್ತಾರೆ, ಅಲ್ವಾ? ಇಲ್ಲಿ ಕಿಟಕಿ ರಿಫ್ಲೆಕ್ಷನ್, ಅಂದರೆ ಪ್ರೋಗ್ರಾಂ ಓಡುವಾಗಲೇ ಕೋಡಿನ ಮುಚ್ಚಿಟ್ಟ ಒಳಭಾಗಗಳನ್ನು ಹೆಸರಿನಿಂದ ಹುಡುಕಿ ಓದುವ ಸೌಲಭ್ಯ. ಪ್ರತಿ ಕಂಟ್ರೋಲ್‌ಗೂ ಹತ್ತಾರು ಈವೆಂಟ್‌ಗಳಿವೆ. ಒಂದೊಂದಕ್ಕೂ ಮೊದಲೇ ಜಾಗ ಇಟ್ಟರೆ ಮೆಮೊರಿ ಸುಮ್ನೆ ಹಾಳು. ಹಾಗಾಗಿ ಬಳಸಿದವನ್ನು ಮಾತ್ರ ಈವೆಂಟ್‌ಹ್ಯಾಂಡ್ಲರ್‌ಲಿಸ್ಟ್ ಎಂಬ ಒಂದೇ ಪಟ್ಟಿಯಲ್ಲಿ ಇಡುತ್ತಾರೆ. ಹುಡುಕುವ ಕೀಲಿಗಳು ಕ್ಲಾಸಿನ (ಕಂಟ್ರೋಲ್ ಅನ್ನು ವಿವರಿಸುವ ಕೋಡಿನ) ಒಳಗೆ ಪ್ರೈವೇಟ್, ಹೊರಗಿನ ಕೋಡಿಗೆ ನೇರವಾಗಿ ಸಿಗುವುದಿಲ್ಲ. ಕ್ಲಿಕ್‌ನ ಕೀಲಿ 'ಈವೆಂಟ್‌ಕ್ಲಿಕ್', ಟೆಕ್ಸ್ಟ್ ಚೇಂಜ್ಡ್‌ನದು ಬರೀ 'ಈವೆಂಟ್‌ಟೆಕ್ಸ್ಟ್'. ಊಹಿಸಲು ಒಂದು ನಿಯಮವೂ ಇಲ್ಲ. ಈ ಹೆಸರುಗಳನ್ನು ಕೋಡಿನಲ್ಲಿ ಬರೆದು ಪಟ್ಟಿಯನ್ನು ಕದ್ದು ಓದುವ ತಂತ್ರ ತುಂಬಾ ಕಡೆ ಬಳಕೆಗೆ ಬಂತು. 2019ರಲ್ಲಿ ವಿಂಡೋಸ್ ಫಾರ್ಮ್ಸ್ ಡಾಟ್ ನೆಟ್‌ನ ಹೊಸ ರೂಪವಾದ ಡಾಟ್ ನೆಟ್ ಕೋರ್‌ಗೆ ಬಂತು. ಆ ಹೊಸ ಆವೃತ್ತಿಗಳ ಸರಣಿಯಲ್ಲಿ ಈ ಒಳಗಿನ ಹೆಸರುಗಳು ಬದಲಾದವು. ಹಳೆಯ ಕೋಡ್ ಈಗಲೂ ಕಂಪೈಲ್ ಆಗುತ್ತದೆ. ಓಡುವಾಗ ಮಾತ್ರ ಹುಡುಕಿದ ಕೀಲಿ ಸಿಗುವುದಿಲ್ಲ.

ಕೀಲಿ ಸಿಕ್ಕರೂ ಅಪಾಯ ಇದೆ. ಇದರ ಬಗ್ಗೆ ಮಾತಾಡುವವರು ಕಡಿಮೆ. ಪಟ್ಟಿಯಲ್ಲಿ ನೀವು ಸೇರಿಸಿದ ಹ್ಯಾಂಡ್ಲರ್‌ಗಳು ಮಾತ್ರ ಇರುವುದಿಲ್ಲ. ಒಂದು ಟೆಕ್ಸ್ಟ್‌ಬಾಕ್ಸ್‌ಗೆ ಡೇಟಾ ಬೈಂಡಿಂಗ್ (ಬಾಕ್ಸನ್ನು ಮಾಹಿತಿಗೆ ಜೋಡಿಸುವ ಕೊಂಡಿ) ಕೊಟ್ಟಿದ್ದರೆ ಆ ಬೈಂಡಿಂಗ್ ಕೂಡ ಬಾಕ್ಸ್ ಬಿಟ್ಟು ಹೊರಬರುವಾಗ ಆಗುವ ವ್ಯಾಲಿಡೇಟಿಂಗ್ ಈವೆಂಟ್‌ನಲ್ಲಿ ತನ್ನ ಹ್ಯಾಂಡ್ಲರ್ ಇಟ್ಟಿರುತ್ತದೆ. ಪಟ್ಟಿಯನ್ನು ಇಡಿಯಾಗಿ ಕಾಪಿ ಮಾಡಿದರೆ ಅದೂ ಜೊತೆಗೆ ಬರುತ್ತದೆ. ಆಮೇಲೆ ಎರಡನೇ ಬಾಕ್ಸ್ ಬಿಟ್ಟು ಹೊರಬಂದಾಗ ಮೊದಲನೆಯದರ ಬೈಂಡಿಂಗ್ ಎದ್ದು ಕೆಲಸ ಮಾಡುತ್ತದೆ! ಇನ್ನೊಂದು ಮಾತು. ಹ್ಯಾಂಡ್ಲರ್ ಒಳಗೆ 'ಸೆಂಡರ್' (ಈವೆಂಟ್ ಆದ ಕಂಟ್ರೋಲ್) ಬದಲು ನೇರವಾಗಿ 'ಬಟನ್1' ಎಂದು ಬರೆದಿದ್ದರೆ, ಎರಡನೇ ಬಟನ್ ಒತ್ತಿದಾಗಲೂ ಬದಲಾಗುವುದು ಮೊದಲನೆಯದೇ.

ನಿಜವಾಗಿ ನಮಗೆ ಬೇಕಿದ್ದುದು ಕಾಪಿ ಅಲ್ಲ, ಹಂಚಿಕೆ. ಕೆಲಸಕ್ಕೆ ಅದರದೇ ಹೆಸರು ಕೊಟ್ಟು, ಮೆನು, ಬಟನ್ ಎಲ್ಲವೂ ಅದನ್ನೇ ತೋರಿಸುವ ಹಾಗೆ ಮಾಡುವುದು. 1998ರ ಡೆಲ್ಫಿ 4ರ ಆಕ್ಷನ್ ಲಿಸ್ಟ್, ಸ್ವಿಂಗ್‌ನ ಆಕ್ಷನ್, ಕ್ಯೂಟಿ ಎಂಬ ಇನ್ನೊಂದು ಸಲಕರಣೆಯ ಕ್ಯೂಆಕ್ಷನ್, ಮೈಕ್ರೋಸಾಫ್ಟ್‌ನದೇ ಆದ 2006ರ ಡಬ್ಲ್ಯೂಪಿಎಫ್‌ನ ಕಮಾಂಡ್ ಎಲ್ಲವೂ ಇದನ್ನೇ ಮಾಡಿದವು. ವಿಷುಯಲ್ ಬೇಸಿಕ್ ಡಾಟ್ ನೆಟ್‌ನಲ್ಲಿ ಕಂಟ್ರೋಲ್ ಅರೇ ಹೋಯಿತು, ಆದರೆ ಹ್ಯಾಂಡಲ್ಸ್ ಎಂಬ ಪದದ ಮುಂದೆ ಎಷ್ಟು ಬಟನ್ ಬೇಕಾದರೂ ಬರೆಯಬಹುದಿತ್ತು. ವಿಂಡೋಸ್ ಫಾರ್ಮ್ಸ್‌ನ ಬಟನ್ನಿಗೆ ಕಮಾಂಡ್ ಪ್ರಾಪರ್ಟಿ ಪೂರ್ತಿಯಾಗಿ ಸಿಕ್ಕಿದ್ದು 2023ರ ಡಾಟ್ ನೆಟ್ 8ರಲ್ಲಿ. ತುಂಬಾ ತಡವಾಯಿತು.

ಹಳೆಯ ಆವೃತ್ತಿಯಲ್ಲೇ ಇರುವವರು ಎಲ್ಲ += ಸಾಲುಗಳನ್ನು ಒಂದೇ ಮೆಥಡ್‌ನಲ್ಲಿ ಇಟ್ಟು, ಹೊಸ ಕಂಟ್ರೋಲ್ ಹುಟ್ಟಿದಾಗೆಲ್ಲ ಅದನ್ನು ಕರೆಯಬಹುದು. ತಪ್ಪಿ ಒಂದೇ ಕಂಟ್ರೋಲ್‌ಗೆ ಎರಡು ಸಲ ಕರೆದರೆ ಒಂದು ಕ್ಲಿಕ್‌ಗೆ ಕೆಲಸ ಎರಡು ಸಲ ನಡೆಯುತ್ತದೆ. ಅದಕ್ಕೆ ಪ್ರತಿ += ಸಾಲಿನ ಮುಂಚೆ ಅದೇ ಹ್ಯಾಂಡ್ಲರಿಗೆ ಒಂದು -= ಬರೆಯಿರಿ. ಪಟ್ಟಿಯಲ್ಲಿ ಇಲ್ಲದ್ದನ್ನು ತೆಗೆದರೆ ಯಾವ ಎರರ್ ಕೂಡ ಬರುವುದಿಲ್ಲ.