ಚಿಕ್ಕ ಸ್ಪೋರ್ಟ್ಸ್ ಕಾರಿಗೆ ಏರ್ ಸಸ್ಪೆನ್ಷನ್: ಬ್ಯಾಗ್ ಆರಿಸುವ ಲೆಕ್ಕ

ಪುಣೆಯಲ್ಲಿ ಆಟೊಮೊಬೈಲ್ ಓದುತ್ತಿರುವ ನಮ್ಮ ಹುಬ್ಬಳ್ಳಿ, ಬೆಳಗಾವಿ ಕಡೆಯ ಗೆಳೆಯರಿಗಾಗಿ ಈ ಟಿಪ್ಪಣಿ. ಸ್ಪ್ರಿಂಗ್, ಡ್ಯಾಂಪರ್ ಅಂದರೆ ಏನು ಅನ್ನೋದು ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಏರ್ ಸಸ್ಪೆನ್ಷನ್‌ನಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಬ್ಯಾಗ್ ಕಾರನ್ನು ಹೊರುತ್ತದೆ.

ಉದಾಹರಣೆಗೆ ಮಾಜ್ದಾ ಎಂಎಕ್ಸ್-5 ತೆಗೆದುಕೊಳ್ಳಿ. 1989ರಲ್ಲಿ ಬಂದ ಮೊದಲ ಮಾದರಿ ಒಂದು ಟನ್ನಿಗಿಂತ ಹಗುರ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಚಾಲಕನೂ ಸೇರಿ 1000 ಕೆಜಿ, ಮೂಲೆಗೆ 250 ಎಂದು ಇಟ್ಟುಕೊಳ್ಳೋಣ. ಚಕ್ರ, ಹಬ್, ಬ್ರೇಕಿಗೆ 30 ಕೆಜಿ ಕಳೆದರೆ ಸ್ಪ್ರಿಂಗ್ ಮೇಲಿರುವುದು 220 ಕೆಜಿ, ಅಂದರೆ ಸುಮಾರು 2160 ನ್ಯೂಟನ್. ಚಕ್ರ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ 7 ಮಿ.ಮೀ. ಕುಗ್ಗಿದರೆ ಮೋಷನ್ ರೇಶಿಯೋ 0.7. ಆಗ ಸ್ಪ್ರಿಂಗ್ ಹೊರಬೇಕಾದ ಭಾರ 2160 ÷ 0.7, ಅಂದರೆ 3085 ನ್ಯೂಟನ್. ಭಾರಕ್ಕೆ ಈ 0.7 ಒಂದು ಸಲ ಬರುತ್ತದೆ, ರೇಟಿಗೆ (ಸ್ಪ್ರಿಂಗನ್ನು ಒಂದು ಮಿ.ಮೀ. ಕುಗ್ಗಿಸಲು ಬೇಕಾದ ಬಲ, ಅಂದರೆ ಅದರ ಬಿಗಿ) ಎರಡು ಸಲ. ನಿಮ್ಮ ಕಾರಿನದ್ದನ್ನು ಅಳೆದೇ ಹಾಕಿ.

ಒತ್ತಡ ಮತ್ತು ಬಿಗಿ

ನನಗೆ ತುಂಬಾ ಹೊತ್ತು ಹಿಡಿದ ಜಾಗ ಇದು. "ಗಾಳಿ ಜಾಸ್ತಿ ಹಾಕಿ, ಸಸ್ಪೆನ್ಷನ್ ಬಿಗಿಯಾಗುತ್ತೆ" ಅಂತ ಗ್ಯಾರೇಜುಗಳಲ್ಲಿ ಹೇಳುತ್ತಾರೆ. ಆದರೆ ನಿಂತ ಕಾರಿನಲ್ಲಿ ಬ್ಯಾಗಿನ ಒತ್ತಡವನ್ನು ನಾವು ಆರಿಸುವುದೇ ಇಲ್ಲ. ಅದನ್ನು ಭಾರ ತೀರ್ಮಾನಿಸುತ್ತದೆ. ಬ್ಯಾಗಿನ ಪರಿಣಾಮಿ ವಿಸ್ತೀರ್ಣ (ಗಾಳಿ ಭಾರವನ್ನು ಎತ್ತಿಹಿಡಿಯುವ ವಿಸ್ತೀರ್ಣ) 80 ಚದರ ಸೆಂ.ಮೀ. ಇದ್ದರೆ ಗೇಜಿನಲ್ಲಿ ಸುಮಾರು 3.85 ಬಾರ್, ಅಂದರೆ 56 ಪಿಎಸ್‌ಐ ಬರಲೇಬೇಕು. ಇನ್ನಷ್ಟು ಗಾಳಿ ತುಂಬಿದರೆ ಒತ್ತಡ ಅಷ್ಟೇ ಇರುತ್ತದೆ, ಕಾರು ಮೇಲೇಳುತ್ತದೆ.

ಹಾಗಾದರೆ ಬಿಗಿ ಎಲ್ಲಿಂದ ಬರುತ್ತದೆ? ವಿಸ್ತೀರ್ಣ ಬದಲಾಗದ ನೇರ ಸ್ಲೀವ್ ಬ್ಯಾಗಿಗೆ (ಕೊಳವೆಯ ಆಕಾರದ್ದು) ಸೂತ್ರವನ್ನು ಬಿಡಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಇಷ್ಟೇ:

ರೇಟ್ = 1.38 × (ಭಾರ + ಹೊರಗಾಳಿಯ ಒತ್ತಡ × ವಿಸ್ತೀರ್ಣ) ÷ ಗಾಳಿಕಂಬದ ಎತ್ತರ

ಗಾಳಿಕಂಬದ ಎತ್ತರ ಅಂದರೆ ಬ್ಯಾಗಿನೊಳಗಿನ ಗಾಳಿಯ ಗಾತ್ರವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಸಿಗುವ ಸಂಖ್ಯೆ. 1.38 ಯಾಕೆ? ಗುಂಡಿಗೆ ಬಿದ್ದಾಗ ಗಾಳಿ ಥಟ್ಟನೆ ಕುಗ್ಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ ಗಾಳಿ ಬಿಸಿಯಾಗುತ್ತದೆ, ಆ ಬಿಸಿ ಹೊರಗೆ ಹೋಗಲು ಸಮಯ ಸಿಗುವುದಿಲ್ಲ. ನಿಧಾನಕ್ಕೆ ಕುಗ್ಗಿದರೆ 1, ಪೂರ್ತಿ ಬಿಸಿ ಒಳಗೇ ಉಳಿದರೆ 1.4. ರಸ್ತೆಯಲ್ಲಿ 1.38 ಹಾಕುವುದು ರೂಢಿ.

ಈಗ ಸಂಖ್ಯೆ ಹಾಕೋಣ. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಾಳಿಯ ಒತ್ತಡ ಸುಮಾರು 0.95 ಬಾರ್. 80 ಚದರ ಸೆಂ.ಮೀ. ಮೇಲೆ ಅದು 760 ನ್ಯೂಟನ್. ಒಟ್ಟು 3845. ಗಾಳಿಕಂಬ 15 ಸೆಂ.ಮೀ. ಇದ್ದರೆ ಮಿ.ಮೀ.ಗೆ 35.4 ನ್ಯೂಟನ್. ಚಕ್ರದ ಹತ್ತಿರ 0.49ರಿಂದ (0.7 × 0.7) ಗುಣಿಸಿದರೆ 17.3. ಆವರ್ತನ, ಅಂದರೆ ಕಾರು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಅನ್ನೋದು, ಸುಮಾರು 1.4 ಹರ್ಟ್ಜ್. ಇದು ಆರಾಮದ ಕಡೆಗೇ ಇದೆ. ಗಾಳಿಕಂಬವನ್ನು 10 ಸೆಂ.ಮೀ.ಗೆ ಇಳಿಸಿದರೆ ರೇಟ್ 53, ಚಕ್ರದಲ್ಲಿ 26, ಆವರ್ತನ 1.7 ಹರ್ಟ್ಜ್. ಸ್ಪೋರ್ಟ್ಸ್ ಕಾರಿಗೆ ಇದು ಸರಿಹೊಂದುತ್ತದೆ.

ಆ 760 ನ್ಯೂಟನ್ ಬಿಟ್ಟು ಬರೀ ಗೇಜ್ ಒತ್ತಡದಲ್ಲಿ (ಹೊರಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ ಹೇಳುವುದು) ಲೆಕ್ಕ ಮಾಡಿದರೆ ರೇಟ್ ಐದರಲ್ಲಿ ಒಂದು ಪಾಲು ಕಡಿಮೆ ಬರುತ್ತದೆ. ಹಗುರ ಕಾರಿನಲ್ಲಿ ಈ ಪಾಲು ದೊಡ್ಡದು, ಯಾಕೆಂದರೆ ಭಾರವೇ ಕಡಿಮೆ. ಇನ್ನೊಂದು ಅಂಶವೂ ಇಲ್ಲೇ ಸಿಗುತ್ತದೆ. 80ರ ಬದಲು 200 ಚದರ ಸೆಂ.ಮೀ. ಬ್ಯಾಗ್ ಹಾಕಿದರೆ ಗೇಜ್ 1.5 ಬಾರಿಗೆ ಇಳಿಯುತ್ತದೆ. ಆದರೆ ಅದೇ 15 ಸೆಂ.ಮೀ. ಎತ್ತರಕ್ಕೆ ರೇಟ್ 45 ದಾಟುತ್ತದೆ. ಒತ್ತಡ ಕಡಿಮೆ, ಆದರೂ ಬಿಗಿ ಜಾಸ್ತಿ!

ಹಾಗಾದರೆ ಗ್ಯಾರೇಜಿನವರಿಗೆ ಗಾಳಿ ಹಾಕಿದಾಗ ಬಿಗಿ ಅನಿಸುವುದು ಸುಳ್ಳಾ? ಸುಳ್ಳಲ್ಲ. ಕಾರು ಎದ್ದಂತೆ ಡ್ಯಾಂಪರ್ ಪೂರ್ತಿ ಚಾಚಿಕೊಳ್ಳುತ್ತದೆ, ಚಕ್ರ ಕೆಳಗಿಳಿಯಲು ಜಾಗ ಉಳಿಯುವುದಿಲ್ಲ. ಸ್ಪೀಡ್ ಬ್ರೇಕರ್ ಇಳಿಯುವಾಗ ಅದು ಧಡ್ ಅಂತ ಬಡಿಯುತ್ತದೆ. ಅದಕ್ಕೇ ಓಡಿಸುವ ಎತ್ತರವನ್ನು ಮೊದಲು ನಿಗದಿ ಮಾಡಿ, ಆ ಎತ್ತರದಲ್ಲಿ ಬೇಕಾದ ಗಾಳಿಕಂಬ ಕೊಡುವ ಬ್ಯಾಗ್ ಹುಡುಕಬೇಕು.

ಉಳಿದ ಭಾಗಗಳು

ಉಬ್ಬು ಉಬ್ಬಾಗಿರುವ ಬೆಲ್ಲೋಸ್ ಬ್ಯಾಗ್ ಇಂಥ ಕಾರಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಅದು ಅಗಲ, ವಿಶ್‌ಬೋನ್ ಮಧ್ಯೆ ಕೂರುವುದು ಕಷ್ಟ. ಎತ್ತರ ಬದಲಾದಂತೆ ವಿಸ್ತೀರ್ಣವೂ ಬದಲಾಗುವುದರಿಂದ ಮೇಲಿನ ಸೂತ್ರ ಕೈಕೊಡುತ್ತದೆ. ಡ್ಯಾಂಪರ್ ಸುತ್ತ ಕೂರುವ ಸ್ಲೀವ್ ಒಳ್ಳೆಯದು. ಆದರೆ ಬ್ಯಾಗಿನೊಳಗೆ ಡ್ಯಾಂಪರ್ ಹಿಡಿಯುವ ಜಾಗವನ್ನು ಗಾಳಿಯ ಗಾತ್ರದಿಂದ ಕಳೆಯಿರಿ.

ಬ್ಯಾಗಿಗೆ ಗಾಳಿ ಬಿಡುವ, ತೆಗೆಯುವ ವಾಲ್ವ್ ನಾಲ್ಕೂ ಮೂಲೆಗೆ ಬೇರೆ ಬೇರೆ ಇರಲಿ. ಎಡ ಬಲ ಬ್ಯಾಗುಗಳನ್ನು ಒಂದೇ ಪೈಪಿಗೆ ಸೇರಿಸಿದರೆ ತಿರುವಿನಲ್ಲಿ ಹೊರಗಿನ ಬ್ಯಾಗಿನ ಗಾಳಿ ಒಳಗಿನದಕ್ಕೆ ಓಡುತ್ತದೆ, ಕಾರು ಇನ್ನೂ ವಾಲುತ್ತದೆ. ಖಂಡಾಳಾ ಘಾಟಿನಲ್ಲಿ ಇದು ಅಪಾಯ.

ಕಂಪ್ರೆಸರ್ ತುಂಬಿದ ಗಾಳಿಯನ್ನು ಕೂಡಿಡುವ ಟ್ಯಾಂಕ್ 5 ಲೀಟರಿನದು ಸಾಕು. 10 ಬಾರ್ ತುಂಬಿದ್ದರೆ ನಾಲ್ಕೂ ಬ್ಯಾಗ್ ಎಬ್ಬಿಸಿದ ಮೇಲೂ ಸುಮಾರು 5 ಬಾರ್ ಉಳಿಯುತ್ತದೆ. ದೊಡ್ಡ ಟ್ಯಾಂಕ್, ಎರಡು ಕಂಪ್ರೆಸರ್ ಅಂದರೆ ಹಗುರ ಕಾರಿಗೆ ಸುಮ್ನೆ ತೂಕ.

ನಮ್ಮಲ್ಲಿ ರಸ್ತೆಯ ಕಾರಿಗೆ ಹಾಕುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡುಗಳ ಮೇಲೆ ಕಟ್ಟುನಿಟ್ಟಾಗಿದೆ.

ಕಂಪ್ರೆಸರ್ ಮತ್ತು ವಾಲ್ವ್ ನಡುವೆ ನೀರು ಬೇರ್ಪಡಿಸುವ ಟ್ರ್ಯಾಪ್ ಹಾಕಿ. ಮಳೆಗಾಲದಲ್ಲಿ ಲೋಣಾವಳಾ ದಾಟಿ ಮುಂಬೈ ಕಡೆ ಇಳಿದರೆ ಎಳೆದುಕೊಳ್ಳುವ ಗಾಳಿ ಪೂರಾ ತೇವ, ಕುಗ್ಗಿದಾಗ ಅದು ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಆ ನೀರು ಹೊರಬಿಡುವ ನಲ್ಲಿ (ಡ್ರೇನ್ ಕಾಕ್) ತಳದಲ್ಲೇ, ಕೈಗೆ ಸಿಗುವಂತೆ ಇರಬೇಕು.