ತುಳುಕಿಸಿ ಅಳೆಯುವ ಟಿಸಿಪಿ: 400 ಗಜದಿಂದ ಶುರುವಾದ ಕಥೆ

ಮನೆಯಲ್ಲಿ ಒಬ್ಬರು ಮದುವೆಯ ವಿಡಿಯೊ ಅಪ್‌ಲೋಡ್‌ಗೆ ಹಾಕಿದರೆ ಸಾಕು, ಪಕ್ಕದ ಕೋಣೆಯ ವಿಡಿಯೊ ಕಾಲ್ ತೊದಲತೊಡಗುತ್ತದೆ. ಬೈಗುಳ ಬೀಳುವುದು ಇಂಟರ್ನೆಟ್ ಕೊಟ್ಟವರಿಗೆ. ಬೇರು ಮಾತ್ರ ಹಳೆಯದು: ಮುಂದಿನ ದಾರಿ ಎಷ್ಟು ಅಗಲವೆಂದು ಡೇಟಾ ಕಳಿಸುವ ಕಂಪ್ಯೂಟರಿಗೆ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಕತ್ತಲಲ್ಲಿ ಅದೇ ತಡವಿ ನೋಡಬೇಕು. ಹೀಗೆ ತಡವಿ ವೇಗ ತೀರ್ಮಾನಿಸುವುದು ಟಿಸಿಪಿ, ಅಂದರೆ ಡೇಟಾವನ್ನು ಪ್ಯಾಕೆಟ್ ಎಂಬ ತುಣುಕುಗಳಾಗಿ ಕಳಿಸುವ ನಿಯಮಾವಳಿ.

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ, ಬರೀ 400 ಗಜದ ಅಂತರದಲ್ಲಿ, ಸೆಕೆಂಡಿಗೆ 32 ಕಿಲೋಬಿಟ್‌ನ ವೇಗ 40 ಬಿಟ್‌ಗೆ ಕುಸಿಯಿತು. ವ್ಯಾನ್ ಜೇಕಬ್ಸನ್ 1988ರಲ್ಲಿ ಮದ್ದು ಬರೆದರು: ಮೊದಲು ಪ್ರತಿ ಸುತ್ತಿನಲ್ಲೂ (ಕಳಿಸಿದ್ದಕ್ಕೆ ಮರುಸುದ್ದಿ ಬರುವಷ್ಟು ಹೊತ್ತು) ದುಪ್ಪಟ್ಟು, ಆಮೇಲೆ ಒಂದೊಂದೇ ಪ್ಯಾಕೆಟ್ ಏರಿಸು, ಪ್ಯಾಕೆಟ್ ಕಳೆದುಹೋದರೆ ತಗ್ಗಿಸು. ಅಂದರೆ ಪಾತ್ರೆ ತುಂಬಿತೆಂದು ತಿಳಿಯಲು ತುಳುಕಿಸಿಯೇ ನೋಡಬೇಕು. ಲಿನಕ್ಸ್‌ನಲ್ಲಿ 2006ರಿಂದ ಚಾಲ್ತಿಗೆ ಬಂದ ಕ್ಯೂಬಿಕ್ ಎಂಬ ಟಿಸಿಪಿ ವಿಧಾನ ಕೂಡ ಇದೇ ಒಕ್ಕಲು. ಮೆಮೊರಿ ಅಗ್ಗವಾಗಿ ರೂಟರ್‌ಗಳ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ಲೋಟದಿಂದ ಹಂಡೆಯಾದಾಗ ತುಳುಕುವುದೇ ತಡವಾಯಿತು. ಕಾಲ್‌ನ ಪ್ಯಾಕೆಟ್‌ಗಳು ಅಪ್‌ಲೋಡ್‌ನ ಬೆನ್ನ ಹಿಂದೆ ಸರದಿ ನಿಂತವು.

ತುಳುಕುವ ಮುಂಚೆಯೇ ತಿಳಿಯಬಹುದೆಂದು 1994ರಲ್ಲೇ ಅರಿಜೋನಾದ ಬ್ರಾಕ್ಮೊ, ಪೀಟರ್ಸನ್ ತೋರಿಸಿದ್ದರು. ಹೋಗಿಬರುವ ಸಮಯ ಉದ್ದವಾಯಿತೆಂದರೆ ಸರದಿ ಬೆಳೆದಿದೆ, ಹಿಂದೆ ಸರಿ. ಅವರ ‘ವೇಗಾಸ್’ ವಿಧಾನ ಸರಿಯುತ್ತಿತ್ತು, ಬಿಟ್ಟ ಜಾಗವನ್ನು ತುಳುಕಿಸಿ ಅಳೆಯುವ ಹಳೆಯ ವಿಧಾನ ‘ರೆನೊ’ ನುಂಗುತ್ತಿತ್ತು. ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವ ಬಸ್‌ಸ್ಟ್ಯಾಂಡಿನಲ್ಲಿ ಕ್ಯೂ ನಿಂತವನ ಪಾಡು. ಸಭ್ಯತೆ ಸೋತದ್ದು ನನಗಂತೂ ಈಗಲೂ ಬೇಸರ.

2016ರಲ್ಲಿ ಗೂಗಲ್ ಹೊರತಂದ ಬಿಬಿಆರ್ ಎಂಬ ವಿಧಾನ ಬೇರೆ ಉಪಾಯ ಹೂಡಿತು. ತಂಡದಲ್ಲಿ ಜೇಕಬ್ಸನ್ ಕೂಡ ಇದ್ದರು. ದಾರಿ ಸೆಕೆಂಡಿಗೆ 40 ಮೆಗಾಬಿಟ್‌ನದೆಂದು ಅದರ ಅಂದಾಜು ಎನ್ನಿ. ಒಂದು ಸುತ್ತು 50ರ ವೇಗದಲ್ಲಿ ದೂಡುತ್ತದೆ. ಆಚೆ ತುದಿಗೂ 50 ತಲುಪಿದರೆ ಜಾಗವಿತ್ತು ಎಂದರ್ಥ, ಅಂದಾಜು ಏರುತ್ತದೆ. 40 ಮಾತ್ರ ತಲುಪಿದರೆ ಮಿಕ್ಕದ್ದು ನಡುವೆ ಸರದಿಯಲ್ಲಿದೆ. ಮುಂದಿನ ಸುತ್ತು 30ಕ್ಕೆ ಇಳಿದು ತಾನೇ ಮಾಡಿದ ರಾಶಿ ಕರಗಿಸುತ್ತದೆ. ಆಮೇಲೆ ಆರು ಸುತ್ತು ಸಮಗತಿ. ಸುಮಾರು 10 ಸೆಕೆಂಡಿಗೊಮ್ಮೆ 200 ಮಿಲಿಸೆಕೆಂಡ್ ಬಹುತೇಕ ಏನೂ ಕಳಿಸದೆ ಉಸಿರು ಬಿಗಿಹಿಡಿದು, ಸರದಿ ಇಲ್ಲದ ದಾರಿಯಲ್ಲಿ ಹೋಗಿಬರುವ ನಿಜವಾದ ಸಮಯ ಅಳೆಯುತ್ತದೆ.

ಕೇಳಲು ಚೆಂದ. ಆದರೆ ಆ ಹೆಚ್ಚುವರಿ ಕಾಲು ಪಾಲಿಗೆ ಜಾಗ ಪಕ್ಕದವನದೇ. ಬಫರ್ ಚಿಕ್ಕದಿದ್ದಲ್ಲಿ ಮೊದಲ ಬಿಬಿಆರ್ ಪ್ಯಾಕೆಟ್ ಕಳೆದರೂ ಜಗ್ಗದೆ, ಕ್ಯೂಬಿಕ್ ಅನ್ನು ಮೂಲೆಗೆ ಒತ್ತಿತು. 2019ರ ಎರಡನೇ ಆವೃತ್ತಿ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿತು. 2023ರಲ್ಲಿ ಮೂರನೆಯದು ಬಂತು.

ಕಳಿಸುವವರನ್ನು ತಿದ್ದುವ ಬದಲು ರೂಟರ್‌ನ ಸರದಿಯನ್ನೇ ತಿದ್ದೋಣ ಎಂಬ ಪಂಗಡವೂ ಇದೆ. ಸುರತ್ಕಲ್‌ನ ಎನ್‌ಐಟಿಕೆ ತಂಡ ಬರೆದ ಎಫ್‌ಕ್ಯೂ-ಪೈ ಎಂಬ ಸರದಿ ನಿಭಾಯಿಸುವ ತಂತ್ರಾಂಶ 2020ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದ್ದು ಈ ಬಗೆಯ ಕೆಲಸಕ್ಕೇ. ನಮ್ಮ ಮನೆಯ ರೂಟರ್‌ನಲ್ಲಿ ಅಂಥ ಆಯ್ಕೆ ಹುಡುಕಿದೆ, ಇಲ್ಲ. ಮದುವೆ ವಿಡಿಯೊ ರಾತ್ರಿ ಹನ್ನೊಂದರ ಮೇಲೆ ಹೋಗುತ್ತದೆ.